ಅಮೆರಿಕಕ್ಕೆ ಹೋಗಿ ಎರಡು ವಾರ ಕೆಲಸ ಮಾಡಿಕೊಡಬಹುದಾ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಐದು ಜನರ ಸಾಫ್ಟ್‌ವೇರ್ ಕಂಪನಿ, ಪ್ರೈವೇಟ್ ಲಿಮಿಟೆಡ್. ಮೊದಲ ಸಲ ಅಮೆರಿಕದ ಗ್ರಾಹಕರೊಬ್ಬರು ಸಿಕ್ಕಿದ್ದಾರೆ. 'ಎರಡು ವಾರ ನಮ್ಮ ಆಫೀಸಿಗೇ ಬಂದು ಕೆಲಸ ಮುಗಿಸಿಕೊಡಿ' ಅನ್ನುತ್ತಿದ್ದಾರೆ. ಬಿ-1 ವೀಸಾ ಸಾಕಾ? ಬೇರೆ ಏನು ತಯಾರಿ ಬೇಕು?

ಉತ್ತರ: ಹೋಗಿ ಮಾತಾಡಿ ಬರಲು ಬಿ-1 ಸಾಕು. ಕೆಲಸ ಮುಗಿಸಿಕೊಡಲು ಸಾಲದು.

ಬಿ-1 ಅಂದರೆ ಬಿಸಿನೆಸ್ ವೀಸಾ. ಹೆಸರು ಕೇಳಿ 'ನಮ್ಮದೂ ಬಿಸಿನೆಸ್ಸೇ ಅಲ್ವಾ' ಅನ್ನಿಸುತ್ತದೆ. ಆದರೆ ಅದರಲ್ಲಿ ಮೀಟಿಂಗ್ ಮಾಡಬಹುದು, ಕರಾರು ಕುದುರಿಸಬಹುದು, ಗ್ರಾಹಕರಿಗೆ ಏನು ಬೇಕೆಂದು ಕೂತು ಕೇಳಿ ಬರೆದುಕೊಳ್ಳಬಹುದು. ಅವರ ಆಫೀಸಿನಲ್ಲಿ ಕೂತು ಕೋಡ್ ಬರೆಯುವ ಹಾಗಿಲ್ಲ. ಎರಡು ವಾರ ಇರಲಿ, ಎರಡು ದಿನ ಇರಲಿ, ಲೆಕ್ಕಕ್ಕೆ ಬರುವುದು ನೀವು ಅಲ್ಲಿ ಮಾಡುವ ಕೆಲಸವೇ.

ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. 2013ರ ಅಕ್ಟೋಬರ್‌ನಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್ 3.4 ಕೋಟಿ ಡಾಲರ್ ಕೊಟ್ಟು ಅಮೆರಿಕ ಸರ್ಕಾರದ ಜೊತೆ ರಾಜಿ ಮಾಡಿಕೊಂಡಿತು. ಬಿ-1 ವೀಸಾದಲ್ಲಿ ಬಂದವರಿಂದ ನಿಜವಾದ ಕೆಲಸ ಮಾಡಿಸಿದರು, ಆಹ್ವಾನ ಪತ್ರದಲ್ಲಿ ಮಾತ್ರ ಬರೀ ಮೀಟಿಂಗ್ ಅಂತ ಬರೆದರು ಎಂಬುದು ಸರ್ಕಾರದ ಆರೋಪವಾಗಿತ್ತು. ವೀಸಾ ವಂಚನೆಯ ಆರೋಪವನ್ನು ಕಂಪನಿ ಒಪ್ಪಲಿಲ್ಲ, ಕಾಗದಪತ್ರದಲ್ಲಿ ತಪ್ಪಾಗಿದೆ ಎಂದಷ್ಟೇ ಹೇಳಿತು. ಅಷ್ಟು ದೊಡ್ಡ ಕಂಪನಿ ದುಡ್ಡು ಕಟ್ಟಿ ಮುಂದೆ ಹೋಯಿತು. ಐದು ಜನರ ಕಂಪನಿಗೆ ಅದು ಆಗುವ ಮಾತಾ?

ಒಂದು ವಿನಾಯಿತಿ ಇದೆ, ಆದರೆ ಅದು ನಿಮಗಲ್ಲ. ಪೀಣ್ಯದ ಕಾರ್ಖಾನೆಯೊಂದು ಅಮೆರಿಕಕ್ಕೆ ಯಂತ್ರ ಮಾರಿತು ಅನ್ನಿ. ಕೂರಿಸಿಕೊಡುವುದು, ರಿಪೇರಿ ಮಾಡುವುದು ನಮ್ಮದೇ ಹೊಣೆ ಎಂದು ಮಾರಾಟದ ಕರಾರಿನಲ್ಲೇ ಬರೆದಿದ್ದರೆ, ಆ ಯಂತ್ರ ಚೆನ್ನಾಗಿ ಬಲ್ಲ ತಂತ್ರಜ್ಞರು ಬಿ-1ರಲ್ಲಿ ಹೋಗಿ ಮಾಡಿಕೊಡಬಹುದು. ಸಂಬಳ ಮಾತ್ರ ಇಲ್ಲಿಂದಲೇ ಬರಬೇಕು.

ಹಾಗಾದರೆ ಅಲ್ಲಿ ಕೆಲಸ ಮಾಡಲೆಂದೇ ಕೊಡುವ ಎಚ್-1ಬಿ ವೀಸಾ? ಅದಕ್ಕೆ ಅಲ್ಲಿನ ಕಂಪನಿಯೇ ಅರ್ಜಿ ಹಾಕಬೇಕು, ಅದರ ಮೇಲೆ ಲಾಟರಿಯಲ್ಲೂ ಹೆಸರು ಬರಬೇಕು. ಎರಡು ವಾರದ ಕೆಲಸಕ್ಕೆ ಆ ಸಹವಾಸ ಬೇಡ.

ನನ್ನ ಸಲಹೆ ಇಷ್ಟೇ: ಕೆಲಸವನ್ನು ಎರಡು ಪಾಲು ಮಾಡಿ. ಮಾತು ಅಲ್ಲಿ, ಕೋಡು ಮೈಸೂರಿನಲ್ಲಿ. ಐದಾರು ದಿನ ಹೋಗಿ ಬನ್ನಿ. ಉಳಿದದ್ದನ್ನು ಇಲ್ಲಿಂದಲೇ ಕಳಿಸಿ. ಕರಾರಿನಲ್ಲೂ ಇದನ್ನು ಹೀಗೇ ಬರೆಸಿ. ಗ್ರಾಹಕರು ಮೊದಲು ಗೊಣಗಬಹುದು, ಕಾರಣ ಹೇಳಿದರೆ ಒಪ್ಪುತ್ತಾರೆ. ತಪ್ಪು ವೀಸಾದಲ್ಲಿ ಕೆಲಸ ಮಾಡಿಸಿದರೆ ಅವರಿಗೂ ತಲೆನೋವೇ.

ಹೀಗೆ ಮಾಡಿದರೆ ತೆರಿಗೆಯೂ ಹಗುರ. ಭಾರತದಲ್ಲಿ ಕೂತು ಮಾಡಿದ ಸೇವೆಯ ದುಡ್ಡು ಸಾಮಾನ್ಯವಾಗಿ ಅಮೆರಿಕದ ಲೆಕ್ಕದಲ್ಲಿ ಅಲ್ಲಿನ ಆದಾಯವಲ್ಲ. ಗ್ರಾಹಕರು ಡಬ್ಲ್ಯು-8ಬೆನ್-ಇ ಎಂಬ ಫಾರಂ ಕೇಳುತ್ತಾರೆ. ಗಾಬರಿ ಬೇಡ, ನಿಮ್ಮದು ಹೊರದೇಶದ ಕಂಪನಿ ಅಂತ ಹೇಳುವ ಕಾಗದ ಅದು. ಕೊಡದಿದ್ದರೆ ಬಿಲ್ಲಿನಲ್ಲಿ ಶೇ. 30 ಹಿಡಿದುಕೊಳ್ಳುವ ಸಾಧ್ಯತೆ ಇದೆ. ಬಿಲ್ಲಿನಲ್ಲೇ 'ಸೇವೆ ಭಾರತದಲ್ಲಿ ಮಾಡಿದ್ದು' ಎಂದು ಒಂದು ಸಾಲು ಸೇರಿಸಿ. ಮುಂದೆ ಓಡಾಟ ಜಾಸ್ತಿಯಾದರೆ ಇನ್ನೊಂದು ನೆನಪಿಡಿ: 12 ತಿಂಗಳಲ್ಲಿ 90 ದಿನ ಮೀರಿ ನಿಮ್ಮವರು ಅಲ್ಲಿ ಸೇವೆ ಕೊಟ್ಟರೆ, ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಅಲ್ಲೇ ನಿಮಗೊಂದು ಕಾಯಂ ನೆಲೆ ಇದೆ ಅಂತ ಲೆಕ್ಕ ಹಿಡಿಯಬಹುದು, ಆಗ ಅಲ್ಲೂ ತೆರಿಗೆ ಬೀಳಬಹುದು.

ಇಲ್ಲಿನ ತಯಾರಿಯಲ್ಲಿ ಜನ ಮರೆಯುವುದು ಎಲ್‌ಯುಟಿ, ಅಂದರೆ ಜಿಎಸ್‌ಟಿ ಮೊದಲು ಕಟ್ಟದೆ ರಫ್ತು ಮಾಡಲು ಸರ್ಕಾರಕ್ಕೆ ಬರೆದುಕೊಡುವ ಮುಚ್ಚಳಿಕೆ. ಜಿಎಸ್‌ಟಿ ನೋಂದಣಿ ಇದ್ದರೆ ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ-11 ಎಂಬ ಫಾರಂ ತುಂಬಿ. ಪ್ರತಿ ಹಣಕಾಸು ವರ್ಷಕ್ಕೂ ಹೊಸದು ಬೇಕು. ಅದಿದ್ದರೆ ರಫ್ತಿನ ಬಿಲ್ಲಿಗೆ ತೆರಿಗೆ ಕಟ್ಟಬೇಕಾಗಿಲ್ಲ. ಇಲ್ಲದಿದ್ದರೆ ಶೇ. 18 ಮೊದಲು ಕಟ್ಟಿ, ಆಮೇಲೆ ರೀಫಂಡ್‌ಗೆ ಓಡಾಡಬೇಕು. ಸಾಫ್ಟ್‌ವೇರ್ ಆದ್ದರಿಂದ ಬ್ಯಾಂಕಿನವರು ಸಾಫ್ಟೆಕ್ಸ್ ಫಾರಂ (ಸಾಫ್ಟ್‌ವೇರ್ ರಫ್ತಿನ ಲೆಕ್ಕ ಕೊಡುವ ಕಾಗದ) ಬಗ್ಗೆಯೂ ಕೇಳಬಹುದು, ಮೊದಲ ಬಿಲ್ ಕಳಿಸುವ ಮೊದಲೇ ನಿಮ್ಮ ಆಡಿಟರ್ ಹತ್ತಿರ ಮಾತಾಡಿ.

ಆರೋಗ್ಯ ವಿಮೆ ಬಿಡಬೇಡಿ. ಅಲ್ಲಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದರೆ ಈ ಪ್ರಾಜೆಕ್ಟಿನ ಲಾಭ ಅಲ್ಲೇ ಮುಗಿಯಬಹುದು.

ಕೊನೆಗೆ ಆಹ್ವಾನ ಪತ್ರ. ಯಾವ ದಿನ ಯಾರ ಜೊತೆ ಯಾವ ಮೀಟಿಂಗ್ ಎಂದು ಇರುವುದನ್ನೇ ಬರೆಸಿಕೊಳ್ಳಿ. ಕಾನ್ಸುಲೇಟ್‌ನಲ್ಲೂ ಕೇಳುತ್ತಾರೆ, ಇಳಿದ ಮೇಲೆ ಏರ್‌ಪೋರ್ಟ್‌ನಲ್ಲೂ ಕೇಳುತ್ತಾರೆ. ಎಷ್ಟು ದಿನ ಇರಬಹುದು ಎಂದು ತೀರ್ಮಾನಿಸುವುದು ಏರ್‌ಪೋರ್ಟಿನ ಆ ಅಧಿಕಾರಿಯೇ, ವೀಸಾದ ಮೇಲಿನ ತಾರೀಖು ಅಲ್ಲ.