ಹಿಂದಿನ ಬ್ರೇಕ್ ಶೂ: ಅಂಟಿಸಿದ್ದಾ, ರಿವೆಟ್ ಹೊಡೆದದ್ದಾ?

ಮೈಸೂರು, ಮಂಡ್ಯದಲ್ಲಿ ಐಟಿಐ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಆಲ್ಟೊದಂಥ ಸಣ್ಣ ಕಾರಿನಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಶೂ ಇರುವುದು ಹಿಂದಿನ ಡ್ರಮ್ಮಿನೊಳಗೆ. ಬ್ರೇಕ್ ಒತ್ತಿದಾಗ ಅಗಲಿ, ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಕಮಾನಿನಂಥ ಭಾಗ ಅದು.

ಶೂ ಮೇಲೆ ಲೈನರ್, ಅಂದರೆ ಡ್ರಮ್ಮಿಗೆ ಉಜ್ಜುವ ಪದರ, ಕೂರಿಸಲು ಎರಡು ದಾರಿ. ಒಂದು, ಅಂಟಿನಿಂದ ಹಿಡಿಸಿದ ಬಾಂಡೆಡ್. ಇನ್ನೊಂದು ರಿವೆಟ್. ರಿವೆಟ್ ತಲೆ ಲೈನರ್ ಒಳಗೆ ತಗ್ಗಿನಲ್ಲಿರುತ್ತದೆ. ಲೈನರ್ ಅಲ್ಲಿಯವರೆಗೆ ಸವೆದರೆ ಮುಗಿಯಿತು, ತಲೆ ಡ್ರಮ್ಮಿಗೆ ತಾಗಿ ಗೀರು ಬೀಳುತ್ತದೆ. ಹಾಗಾಗಿ ದಪ್ಪ ಒಂದೇ ಇದ್ದರೂ ಬಾಂಡೆಡ್‌ನಲ್ಲಿ ಬಳಕೆಗೆ ಸಿಗುವ ಲೈನರ್ ಜಾಸ್ತಿ. ಕಬ್ಬಿನ ಲಾರಿಗಳಲ್ಲಿ ರಿವೆಟ್ ಯಾಕೆ ಅಂದರೆ, ಶೂ ಉಳಿಸಿಕೊಂಡು ಲೈನರ್ ಮಾತ್ರ ಹೊಸದು ಹೊಡೆಸಬಹುದು. ಕಾರಿನ ಶೂಗೆ ಆ ಕೆಲಸ ಮಾಡಿಸುವುದು ನನಗೇನೋ ಲಾಭ ಅನ್ನಿಸುವುದಿಲ್ಲ. ಹೊಸ ಬಾಂಡೆಡ್ ಸೆಟ್ಟೇ ಸಾಕು.

ನಿಜವಾದ ವ್ಯತ್ಯಾಸ ಇರುವುದು ಲೈನರ್ ಸಾಮಾನಿನಲ್ಲಿ. ಲೈನರ್ ಅಂಚಿನ ಕೋಡ್ ನೋಡಿ, ಕೊನೆಗೆ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಹಿಡಿತ, ಎರಡನೆಯದು ಚೆನ್ನಾಗಿ ಕಾದಾಗಿನ ಹಿಡಿತ. 'ಇ' ಅಂದರೆ ಘರ್ಷಣೆ ಗುಣಾಂಕ (ಹಿಡಿತದ ಅಳತೆ) 0.25ರಿಂದ 0.35, 'ಎಫ್' 0.35ರಿಂದ 0.45, 'ಜಿ' 0.45ರಿಂದ 0.55. 'ಎಫ್‌ಇ' ಇದ್ದರೆ ಕಾದಾಗ ಹಿಡಿತ ಇಳಿಯುತ್ತದೆ ಅಂತ ಅರ್ಥ. ಚಾಮುಂಡಿ ಬೆಟ್ಟದಿಂದ ಬ್ರೇಕ್ ಒತ್ತಿಕೊಂಡೇ ಇಳಿಯುವವರಿಗೆ ಆ ಎರಡನೇ ಅಕ್ಷರವೇ ಮುಖ್ಯ. ಅವರು ಎರಡನೇ ಗೇರ್‌ನಲ್ಲಿ ಇಳಿದರೆ ಇನ್ನೂ ಒಳ್ಳೆಯದು, ಅದು ಬೇರೆ ಮಾತು. ಲೈನರ್ ಎಷ್ಟು ಬಾಳಿಕೆ ಬರುತ್ತದೆ ಅನ್ನುವುದನ್ನು ಮಾತ್ರ ಈ ಕೋಡ್ ಹೇಳುವುದಿಲ್ಲ.

ಹಾಗಾದರೆ 'ಜಿಜಿ' ಹಾಕಿಸೋಣ ಅಲ್ವಾ? ಬೇಡ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬಾಗಿ ಹಿಂದಿನ ಚಕ್ರ ಹಗುರಾಗುತ್ತದೆ. ಅಲ್ಲಿ ಹಿಡಿತ ಅತಿಯಾದರೆ ಹಿಂದಿನ ಚಕ್ರವೇ ಮೊದಲು ಲಾಕ್ ಆಗಿ, ಮಳೆಯಲ್ಲಿ ಗಾಡಿ ತಿರುಗಿಬಿಡುತ್ತದೆ. ಕಂಪನಿ ಕೊಟ್ಟಿದ್ದ ದರ್ಜೆಯನ್ನೇ ಹಾಕಿ. ಎರಡೂ ಚಕ್ರಕ್ಕೆ ಒಟ್ಟಿಗೇ ಹಾಕಿ, ಒಂದೇ ಕಡೆ ಬದಲಿಸಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ.

ಶೂ ಕೊಳ್ಳುವ ಮುಂಚೆ ಡ್ರಮ್ ಬಿಚ್ಚಿ ನೋಡಿ. ಡ್ರಮ್ ಮೇಲೆ ಗರಿಷ್ಠ ಒಳವ್ಯಾಸ ಅಚ್ಚಾಗಿರುತ್ತದೆ. ಅದನ್ನು ದಾಟಿದ್ದರೆ ಒಳಮೈ ನಯ ಮಾಡಿಸಲು ಲೇತ್‌ಗೆ ಕೊಡಬೇಡಿ, ಡ್ರಮ್ಮೇ ಬದಲಿಸಿ. ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿ. ಇಲ್ಲದಿದ್ದರೆ ಹೊಸ ಲೈನರ್ ಕೂಡ ಬ್ರೇಕ್ ಆಯಿಲ್ ಕುಡಿದು ಹಾಳು. ಒಳಗಿನ ಪುಡಿಯನ್ನು ಏರ್ ಹೊಡೆದು ಹಾರಿಸಬೇಡಿ, ಹಳೆಯ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಮೊದಲೇ ಬಿಗಿ ಮಾಡಿದರೆ ಶೂ-ಡ್ರಮ್ ನಡುವಿನ ಅಂತರವನ್ನು ತಾನೇ ಸರಿಮಾಡುವ ಆಟೋ ಅಡ್ಜಸ್ಟರ್ ಸರಿಯಾಗಿ ಕೆಲಸ ಮಾಡುವುದಿಲ್ಲ.