ಎಂಟು ದಿನ ಕಟ್ಟಿಹಾಕಿದರೆ ನಾಯಿಯ ಹೆದರಿಕೆ ಹೋಗುತ್ತದೆಯೇ?

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕೊಟ್ಟಿಗೆ ಸೇರಿದ ಹೆಣ್ಣು ನಾಯಿಯೊಂದು ಮನುಷ್ಯರನ್ನು ಕಂಡರೆ ನಡುಗುತ್ತದೆ. ನಾವು ಶಿವಮೊಗ್ಗಕ್ಕೆ ಮನೆ ಬದಲಿಸುತ್ತಿರುವುದರಿಂದ ಅದನ್ನು ತಾಳ್ಮೆಯಿರುವ ಮನೆಯೊಂದಕ್ಕೆ ಕೊಡಬೇಕೆಂದಿದ್ದೇವೆ. ಎಂಥವರಿಗೆ ಕೊಡಬೇಕು? ಎಂಟು ದಿನ ಕಟ್ಟಿಹಾಕಿ ಅನ್ನ ಹಾಕಿದರೆ ತಾನಾಗಿಯೇ ಹೊಂದಿಕೊಳ್ಳುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಕನಿಷ್ಠ ಮೂರು ತಿಂಗಳು ನಾಯಿಯಿಂದ ಏನನ್ನೂ ಅಪೇಕ್ಷಿಸದವರಿಗೆ ಕೊಡಿ. ಅದು ಮಕ್ಕಳ ಜೊತೆ ಆಡಬೇಕು, ತೋಟಕ್ಕೆ ನುಗ್ಗುವ ಮಂಗಗಳನ್ನು ಓಡಿಸಬೇಕು ಎನ್ನುವವರಿಗೆ ಬೇರೆ ನಾಯಿ ಸಿಗುತ್ತದೆ. ಎರಡನೆಯ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆ ಎಂಬ ಲೆಕ್ಕ ನನಗೇ ತಪ್ಪಿಹೋಗಿರುವುದರಿಂದ, ಈ ಬಾರಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಈ ನಂಬಿಕೆ ಹುಟ್ಟಿದ್ದು ಬಹುಶಃ ದನದ ಕೊಟ್ಟಿಗೆಯಲ್ಲಿ. ಹೊಸದಾಗಿ ತಂದ ದನವನ್ನು ಕೆಲವು ದಿನ ಗೂಟಕ್ಕೆ ಕಟ್ಟಿ ಹುಲ್ಲು ಹಾಕಿದರೆ, ಆಮೇಲೆ ಮೇಯಲು ಬೇಣಕ್ಕೆ, ಅಂದರೆ ಹುಲ್ಲುಗಾವಲಿಗೆ, ಬಿಟ್ಟರೂ ಸಂಜೆ ಅದೇ ಮನೆಗೆ ಮರಳುತ್ತದೆ. ಆದರೆ ದನಕ್ಕೆ ಹೊಸದಾಗಿದ್ದದ್ದು ಜಾಗ. ನಿಮ್ಮ ನಾಯಿಗೆ ಹೆದರಿಕೆಯಿರುವುದು ಮನುಷ್ಯರದ್ದು. ಯಾವುದಕ್ಕೆ ಹೆದರುತ್ತದೆಯೋ ಅದರ ಎದುರಿಗೇ ಕಟ್ಟಿಹಾಕಿ ಧೈರ್ಯ ಬರಲೆಂದು ಕಾಯುವುದು ಯಾವ ನ್ಯಾಯ? ಹೆದರಿದ ನಾಯಿಯ ಮೊದಲ ಉಪಾಯ ಓಡಿಹೋಗುವುದು. ಸರಪಳಿ ಆ ದಾರಿಯನ್ನು ಮುಚ್ಚಿದ ಮೇಲೆ ಅದಕ್ಕೆ ಉಳಿಯುವುದು ಕಚ್ಚುವುದು, ಇಲ್ಲವೇ ಕೈಚೆಲ್ಲುವುದು.

ಕೈಚೆಲ್ಲುವುದನ್ನೇ ನಮ್ಮವರು ಹೊಂದಿಕೊಂಡಿತು ಎಂದು ಭಾವಿಸುತ್ತಾರೆ. 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಪ್ರಕಟಿಸಿದ ಪ್ರಯೋಗವೊಂದನ್ನು ಇಂದು ಓದಿದರೆ ಹೊಟ್ಟೆ ತೊಳಸುತ್ತದೆ. ತಪ್ಪಿಸಿಕೊಳ್ಳಲಾಗದಂತೆ ಕಟ್ಟಿ ವಿದ್ಯುತ್ ಆಘಾತ ಕೊಟ್ಟ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ಗಿಡ್ಡ ತಡೆಯೊಂದನ್ನು ಹಾರಿದರೆ ಪಾರಾಗಬಹುದಾಗಿದ್ದರೂ, ಹಾರದೆ ಮಲಗಿಕೊಂಡೇ ಸಹಿಸಿದವು. ನೋಡುವವರಿಗೆ ಆ ನಾಯಿಗಳೂ ಸಾಧುವಾಗಿಯೇ ಕಂಡಿರಬೇಕು.

ಸಾಗರದ ಕಡೆಯ ಒಂದು ಮನೆಗೆ ನಾನೇ ಕೊಟ್ಟ ಕಂದು ಬಣ್ಣದ ನಾಯಿಯನ್ನು, ಬೇಡವೆಂದು ಹೇಳಿದ್ದರೂ, ಜಗಲಿಯ ಕಂಬಕ್ಕೆ ಕಟ್ಟಿದರು. ಒಂಬತ್ತನೆಯ ದಿನ ಫೋನು ಬಂತು: "ಬಹಳ ಪಾಪದ್ದು, ಮುಟ್ಟಿದರೂ ಸುಮ್ಮನಿರುತ್ತದೆ." ನಾನು ಹೋಗಿ ನೋಡಿದಾಗ ಅದು ಗೋಡೆಗೆ ಒತ್ತಿಕೊಂಡು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತ, ಮತ್ತೆ ಮತ್ತೆ ಆಕಳಿಸುತ್ತ ಕುಳಿತಿತ್ತು. ನಾಯಿಯಲ್ಲಿ ಇವೆಲ್ಲ ಹೆದರಿಕೆಯ ಗುರುತು. ಎದುರಿಗಿದ್ದ ಅನ್ನ ಒಣಗಿತ್ತು. ಮರುದಿನ ಬೆಲ್ಟ್ ಬಿಚ್ಚಿದ ಕೂಡಲೇ ಓಡಿಹೋದದ್ದು, ಮೂರು ದಿನಗಳ ಬಳಿಕ ತೋಟದಾಚೆಯ ಸೋಗೆಯ ರಾಶಿಯೊಳಗೆ ಸಿಕ್ಕಿತು. ಅತಿ ಗಿಡ್ಡ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ಹಾಗಿರಲಿ, ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಯ ಪಾಲಾಗುವುದು ನಮ್ಮ ಕಡೆ ಹೊಸ ಸುದ್ದಿಯೇನಲ್ಲ.

"ಯಾರೋ ಚೆನ್ನಾಗಿ ಹೊಡೆದಿರಬೇಕು, ಪ್ರೀತಿ ತೋರಿಸಿದರೆ ಸರಿಹೋಗುತ್ತದೆ" ಎನ್ನುವವರಿಗೂ ಒಂದು ಮಾತು. ಮರಿಗೆ ಮೂರು ವಾರ ತುಂಬಿದಾಗಿನಿಂದ ಸುಮಾರು ಹದಿನಾಲ್ಕು ವಾರದವರೆಗಿನ ಅವಧಿಯಲ್ಲಿ ಮನುಷ್ಯರ ಒಡನಾಟವೇ ಸಿಗದಿದ್ದರೆ, ಯಾರೂ ಒಂದೇಟು ಹಾಕದಿದ್ದರೂ ಅದು ಜನರನ್ನು ಕಂಡು ನಡುಗುವ ನಾಯಿಯಾಗಬಹುದು. ಅಂಥದ್ದನ್ನು ಮೊದಲ ದಿನವೇ ಎತ್ತಿ ಮುದ್ದಾಡಲು ಹೋದರೆ ಅದಕ್ಕೆ ಅದೂ ಸರಪಳಿಯೇ.

ಅದೇ ಕಂದು ನಾಯಿ ಈಗ ಹೊಸನಗರದ ಕಡೆ, ಅಜ್ಜ ಅಜ್ಜಿ ಇಬ್ಬರೇ ಇರುವ ಮನೆಯಲ್ಲಿದೆ. ಆ ಅಜ್ಜಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕುಳಿತಾಗ, ತಲೆಯೆತ್ತದೆ, ದೋಸೆಯ ಚೂರೊಂದನ್ನು ಪಕ್ಕಕ್ಕೆ ಎಸೆಯುತ್ತಿದ್ದರು. ಮೊದಲ ವಾರ ಅವರು ಎದ್ದುಹೋದ ಮೇಲೆಯೇ ನಾಯಿ ಅದನ್ನು ತಿಂದದ್ದು. ತಿಂಗಳು ಕಳೆಯುವಾಗ ಕೊಟ್ಟಿಗೆಯ ಬಾಗಿಲಿನಿಂದ ಜಗಲಿಯ ಮೂರನೆಯ ಕಂಬದವರೆಗೆ ಬಂದಿತ್ತು. ಮನೆಯಲ್ಲಿ ಮೊದಲೇ ಇದ್ದ ಮುದಿ ನಾಯಿ ಅಜ್ಜಿಯ ಕಾಲ ಬಳಿ ನಿಶ್ಚಿಂತೆಯಾಗಿ ಮಲಗುತ್ತಿದ್ದುದು ನನ್ನ ಯಾವ ಸಲಹೆಗಿಂತಲೂ ಹೆಚ್ಚು ಕೆಲಸ ಮಾಡಿತು.

ಆದ್ದರಿಂದ ಕೇಳಿದವರಿಗೆಲ್ಲ ಕೊಡುವ ಮೊದಲು ಮನೆಗೆ ಹೋಗಿ ನೋಡಿ. ನಾಯಿ ಅಡಗಿ ಕೂರಲು ಬಚ್ಚಲಿನ ಮೂಲೆಯೋ ಮಂಚದ ಅಡಿಯೋ ಇದೆಯೇ, ಅಲ್ಲಿ ಕೂತರೆ ಎಳೆಯದೆ ಬಿಡುವರೇ ಎಂದು ಕೇಳಿ. ಅಡಿಕೆ ಕೊನೆ ಕೊಯ್ಲಿನ ಗಲಾಟೆಯಲ್ಲಾಗಲಿ ದೀಪಾವಳಿಯ ಪಟಾಕಿಯ ಎದುರಿಗಾಗಲಿ ಕಳಿಸಬೇಡಿ. ಸಂತಾನಹರಣ ಚಿಕಿತ್ಸೆಯನ್ನೂ ರೇಬೀಸ್ ಲಸಿಕೆಯನ್ನೂ ನೀವೇ ಮುಗಿಸಿ, ವೈದ್ಯರು ಒಪ್ಪಿದರೆ ಎರಡನ್ನೂ ಒಂದೇ ಭೇಟಿಯಲ್ಲಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಮೊದಲ ವಾರಗಳಲ್ಲಿ ಹೊರಗೆ ಕರೆದೊಯ್ಯುವಾಗ ಕೊರಳ ಬೆಲ್ಟಿನ ಜೊತೆಗೆ ಎದೆಯನ್ನು ಸುತ್ತಿ ಕಟ್ಟುವ ಹಾರ್ನೆಸ್ ಕೂಡ ಇರಲಿ, ಏಕೆಂದರೆ ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಬೆಲ್ಟ್ ತಲೆಯ ಮೇಲಿಂದ ಸಲೀಸಾಗಿ ಕಳಚುತ್ತದೆ.

ಇನ್ನು ನೀವು ಕೇಳದೇ ಇರುವ, ಆದರೆ ಮಲೆನಾಡಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಉಣುಗಿನದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗಿನ ಕಡಿತದಿಂದ. ನಾಯಿ ಅದನ್ನು ನೇರವಾಗಿ ಅಂಟಿಸುವುದಿಲ್ಲ, ಆದರೆ ಕಾಡಂಚಿನಲ್ಲಿ ಅಲೆದು ಉಣುಗನ್ನು ಮನೆಯೊಳಗೆ ಹೊತ್ತು ತರಬಲ್ಲದು. ಸಾಕಿದ ನಾಯಿಯಾದರೆ ಹಿಡಿದು ಹೆಕ್ಕಬಹುದು, ಔಷಧಿ ಹಾಕಿ ಮೀಯಿಸಬಹುದು. ಮುಟ್ಟಿಸಿಕೊಳ್ಳದ ನಾಯಿಗೆ ಏನು ಮಾಡುವುದು? ತೂಕಕ್ಕೆ ತಕ್ಕಂತೆ ಬಾಯಿಗೆ ಕೊಡುವ ಉಣುಗಿನ ಮಾತ್ರೆಗಳಿವೆ. ಡಿಸೆಂಬರಿನಿಂದ ಮಳೆ ಹಿಡಿಯುವವರೆಗಿನ ಕಾಯಿಲೆಯ ತಿಂಗಳುಗಳಲ್ಲಂತೂ ತಪ್ಪಿಸದಂತೆ ಪಶುವೈದ್ಯರಿಂದ ಬರೆಸಿಕೊಂಡು ಹೊಸ ಮನೆಯವರ ಕೈಗೆ ಕೊಡಿ. ಹೊಸನಗರದ ಅಜ್ಜಿ ಆ ಮಾತ್ರೆಯನ್ನು ದೋಸೆಯ ಚೂರಿನಲ್ಲಿ ಸುತ್ತಿ, ಈಗಲೂ ನಾಯಿಯ ಕಡೆ ನೋಡದೆ, ಪಕ್ಕಕ್ಕೆ ಎಸೆಯುತ್ತಾರೆ.