ಪದ ಪರಿಚಯ: ಹಮ್ಮಾಮ್

ಹಮಾಮ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಹಸಿರು ಸೋಪು ನೆನಪಾಗುತ್ತದೆ, ಅಲ್ವಾ? ಆ ಹೆಸರಿನ ಹಿಂದೆ ಇರುವುದು ‘ಹಮ್ಮಾಮ್’ ಎಂಬ ಅರಬ್ಬಿ ಪದ. ಸ್ನಾನದ ಮನೆ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಆದರೆ ಪದದ ಬೇರಿನಲ್ಲಿರುವುದು ಬಿಸಿ. ಜ್ವರಕ್ಕೆ ಅರಬ್ಬಿಯಲ್ಲಿ ‘ಹುಮ್ಮಾ’ ಅನ್ನುತ್ತಾರೆ. ಎರಡೂ ಒಂದೇ ಬೇರಿನ ಮಾತುಗಳು.

ಈ ಬಿಸಿ ನೆನಪಿದ್ದರೆ ಮಧ್ಯಯುಗದ ಹಕೀಮರ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ. ಗ್ರೀಕ್ ವೈದ್ಯ ಗೇಲೆನ್‌ನಿಂದ ಬಂದ ತಿಳಿವಳಿಕೆಯಂತೆ, ದೇಹದಲ್ಲಿ ನಾಲ್ಕು ರಸಗಳಿವೆ: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಒಂದೊಂದಕ್ಕೂ ಬಿಸಿ ಅಥವಾ ತಂಪು, ಹಸಿ ಅಥವಾ ಒಣ ಎಂಬ ಗುಣ. ಇವು ಏರುಪೇರಾದರೆ ಕಾಯಿಲೆ. ಇವತ್ತಿನ ವೈದ್ಯಕೀಯ ಇದನ್ನು ಒಪ್ಪುವುದಿಲ್ಲ. ಆದರೆ ಆ ಹಕೀಮರಿಗೆ ಹಮ್ಮಾಮ್ ಎಂದರೆ ಈ ಗುಣಗಳನ್ನು ಸರಿದೂಗಿಸುವ ಮದ್ದು.

ಆ ಕಾಲದ ಹೆಸರಾಂತ ಹಕೀಮ ಇಬ್ನ್ ಸೀನಾ (980–1037) ತನ್ನ ‘ಅಲ್-ಖಾನೂನ್’ ಎಂಬ ವೈದ್ಯ ಗ್ರಂಥದಲ್ಲಿ ಹಮ್ಮಾಮಿನ ಕೋಣೆ ಕೋಣೆಗೂ ಕೆಲಸ ಹೇಳಿದ್ದಾನೆ. ಮೊದಲ ಕೋಣೆ ತಂಪು ಮಾಡಿ ಮೈಗೆ ಹಸಿ ಕೊಡುತ್ತದೆ. ಎರಡನೆಯದು ಬಿಸಿ ಮಾಡುತ್ತದೆ, ಹಸಿಯನ್ನೂ ಉಳಿಸುತ್ತದೆ. ಮೂರನೆಯದು ಬಿಸಿ ಮಾಡಿ ಒಣಗಿಸುತ್ತದೆ. ಅಂದರೆ ಯಾರು ಯಾವ ಕೋಣೆಯಲ್ಲಿ ಎಷ್ಟು ಹೊತ್ತು ಕೂರಬೇಕು ಎನ್ನುವುದೇ ಔಷಧಿಯ ಪ್ರಮಾಣ! ಕಟ್ಟಡವನ್ನೇ ಔಷಧಿಯಂತೆ ಅಳೆದು ಕೊಡುವ ಈ ಯೋಚನೆ ನನಗೆ ತುಂಬ ಇಷ್ಟ.

ಹೊತ್ತಿನ ಬಗ್ಗೆಯೂ ಅವನು ಸೂಕ್ಷ್ಮವಾಗಿ ಬರೆದಿದ್ದಾನೆ. ಖಾಲಿ ಹೊಟ್ಟೆಯಲ್ಲಿ ಹಮ್ಮಾಮಿಗೆ ಹೋದರೆ ಮೈ ಒಣಗಿ ಸೊರಗುತ್ತದೆ. ಊಟ ಮುಗಿಸಿದ ಕೂಡಲೇ ಹೋದರೆ ಮೈ ತುಂಬಿಕೊಳ್ಳುತ್ತದೆ, ಆದರೆ ಒಳಗಿನ ನಾಳಗಳು ಕಟ್ಟಿಕೊಳ್ಳುವ ಭಯವಿದೆ. ಉಂಡದ್ದು ಒಂದು ಹಂತಕ್ಕೆ ಅರಗಿದ ಮೇಲೆ ಹೋಗುವುದು ಒಳ್ಳೆಯದು. ‘ಉಂಡ ಮೇಲೆ ಸ್ನಾನ ಬೇಡ’ ಅನ್ನುವ ನಮ್ಮ ಮನೆಯ ಹಿರಿಯರು ಈ ಮಾತು ಕೇಳಿದ್ದರೆ ತಲೆದೂಗುತ್ತಿದ್ದರು.

ಇನ್ನು ಹುಮ್ಮಾ ಬಂದವರು? ರಸ ಕೆಟ್ಟು ಬಂದ ಜ್ವರವಾದರೆ, ಆ ಕೆಟ್ಟ ರಸ ‘ಪಕ್ವ’ವಾಗುವ, ಅಂದರೆ ಮೈಯಿಂದ ಹೊರಹೋಗಲು ಹದವಾಗುವ, ತನಕ ಹಮ್ಮಾಮ್ ಬೇಡ ಎನ್ನುತ್ತಿದ್ದರು.

ಒಳ್ಳೆಯ ಹಮ್ಮಾಮ್ ಯಾವುದು ಎಂಬುದಕ್ಕೆ ಆ ಗ್ರಂಥದಲ್ಲೇ ಒಂದು ಮಾತು ಬರುತ್ತದೆ: ಕಟ್ಟಡ ಹಳೆಯದಿರಬೇಕು, ಗಾಳಿಗೆ ಜಾಗ ಇರಬೇಕು, ನೀರು ಸಿಹಿಯಾಗಿರಬೇಕು.

ಈ ಹಕೀಮರ ಪರಂಪರೆಯಿಂದ ಬಂದ ಯುನಾನಿ ವೈದ್ಯ ಪದ್ಧತಿಯಲ್ಲಿ ಹಮ್ಮಾಮ್ ಈಗಲೂ ಒಂದು ಚಿಕಿತ್ಸೆ. ಪದ ನಮ್ಮ ನೆಲದಲ್ಲೂ ಉಳಿದಿದೆ. ಬೀದರ್ ಕೋಟೆಯೊಳಗಿನ ಮ್ಯೂಸಿಯಂ ಇರುವುದು ಹಿಂದಿನ ಶಾಹಿ ಹಮಾಮಿನಲ್ಲಿ. ಅಲ್ಲಿಗೆ ಹೋದರೆ ಗಾಜಿನ ಪೆಟ್ಟಿಗೆಗಳನ್ನಷ್ಟೇ ನೋಡಿ ಬರಬೇಡಿ. ಸ್ವಲ್ಪ ಹೊತ್ತು ಸುಮ್ನೆ ನಿಂತು ಆ ಗೋಡೆ, ಆ ಚಾವಣಿಯನ್ನೂ ನೋಡಿ.